ಅರ್ಧ ಗುಳ್ಳೆ

ಹತ್ತಿಸು, ಎನ್ನುತ್ತಾನೆ. ಇನ್ನೂ ಹತ್ತಿಸು.
ಬೇಲಿಗೂಟ ಹಿಡಿದು ನಿಂತಿದ್ದಾನೆ.
ನಾನು ಕಾರಿನೊಳಗೆ, ಕ್ಲಚ್ಚಿನ ಮೇಲೆ ಜೀವ ಹಿಡಿದ ಕಾಲು;
ಹಿಂದೆ ಕ್ಯಾರವಾನಿನ ಎಡಗಾಲಿ
ಹಳದಿ ಪ್ಲಾಸ್ಟಿಕ್ಕಿನ ಇಳಿಜಾರನ್ನು ಏರುತ್ತಿದೆ
ಬೆರಳಗಲ, ಮತ್ತೆ ಬೆರಳಗಲ.
ನಿಲ್ಲಿಸು.
ನಿಲ್ಲಿಸಿದೆ.

ವೇಲ್ಸಿನ ಈ ತುದಿಯಲ್ಲಿ ಗ್ವಿಲಿಮನ ಕುರಿಹೊಲ.
ರಾತ್ರಿಗೆ ಹದಿನಾಲ್ಕು ಪೌಂಡು, ನಲ್ಲಿ ಬೇಲಿಯ ಮಗ್ಗುಲಿಗೆ.
'ನಮ್ಮಲ್ಲಿ ಮಟ್ಟಸವಾಗಿರೋದು ಸಮುದ್ರ ಒಂದೇ,
ಅದೂ ದಿನಕ್ಕೆರಡು ಸಲ ಮನಸ್ಸು ಬದಲಾಯಿಸುತ್ತೆ'
ಎಂದು ವರ್ಷವರ್ಷವೂ ಹೇಳಿ, ಜಾಗ ತೋರಿಸಿ ಹೋಗುತ್ತಾನೆ.
ವರ್ಷವರ್ಷವೂ ನಗುತ್ತೇವೆ.

ಕುಣಿಯಲು ಬಾರದವರು ನೆಲ ಡೊಂಕೆನ್ನುತ್ತಾರೆ.
ನನ್ನ ವಿಲ್ಫ್ ನಲವತ್ತೊಂದು ವರ್ಷ
ನೆಲ ಡೊಂಕೆಂದು ಹೇಳಿಯೇ ಸಂಬಳ ತಂದ.
ಬರ್ನ್ಲಿ, ಓಲ್ಡಮ್, ರಾಚ್‌ಡೇಲಿನ ಕ್ಲಬ್ಬುಗಳಲ್ಲಿ
ಸ್ನೂಕರ್ ಮೇಜಿನಡಿ ಅಂಗಾತ ಮಲಗಿ
ಕಾಲುಗಳ ಕೆಳಗೆ ಇಸ್ಪೀಟೆಲೆ ಚೂರು ತುರುಕುತ್ತಿದ್ದ.
ಮೇಲೆ ಐದು ಕಲ್ಲುಚಪ್ಪಡಿ; ಅವುಗಳ ಸಂದಿಯಲ್ಲಿ ಉಗುರಾಡಿಸಿ
'ಇಲ್ಲಿ ಕೂದಲೆಳೆ' ಎನ್ನುತ್ತಿದ್ದ.
ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ನಾನು ಕೇಳಿಲ್ಲ.
ನಮ್ಮ ಮದುವೆಯ ಫೋಟೋ ಇವತ್ತಿಗೂ
ಗೋಡೆಗಿಂತ ನೆಟ್ಟಗಿದೆ.

ಏಪ್ರಿಲಿನಲ್ಲಿ ಅವನ ಬಲಗಿವಿಯಲ್ಲಿ ಏನೋ ಕದಡಿತು.
ಡಾಕ್ಟರಮ್ಮ ಚೀಟಿಯ ಹಿಂಬದಿಗೆ ಚಿತ್ರ ಬರೆದಳು:
ಕಿವಿಯೊಳಗೆ ಬಾಗಿದ ಮೂರು ನಳಿಗೆ,
ನಳಿಗೆಯಲ್ಲಿ ರಸ.
'ಅಂದರೆ ರಸಮಟ್ಟ' ಎಂದ ವಿಲ್ಫ್.
ಅವಳಿಗೆ ಗೊತ್ತಾಗಲಿಲ್ಲ. ನನಗಾಯಿತು.
ವಾಪಸು ಬರುವ ಬಸ್ಸಿನಲ್ಲಿ ನಾನು
ಕಿಟಕಿಯನ್ನೇ ನೋಡಿದೆ.

ಅದಕ್ಕೇ ಈ ಸಲ ಓಡಿಸುವವಳೂ ನಾನು,
ಗುಳ್ಳೆ ನೋಡುವವಳೂ ನಾನು.
ಗಾಲಿಗೆ ಅಡೆ ಕೊಟ್ಟೆ. ಕೊಂಡಿ ಬಿಚ್ಚಿದೆ.
ಮೂತಿಯ ಪುಟ್ಟ ಚಕ್ರದ ಹಿಡಿ ತಿರುಗಿಸಿ ತಿರುಗಿಸಿ
ಮುಂಭಾಗ ಎತ್ತಿದೆ. ಒಳಗೆ ಹೋಗಿ
ನೆಲದ ಮೇಲೆ ರಸಮಟ್ಟವಿಟ್ಟು ಮಂಡಿಯೂರಿದೆ.
ಎರಡು ಕಪ್ಪು ಗೆರೆಗಳ ನಡುವೆ ಗುಳ್ಳೆ,
ಸಿಪ್ಪೆಯೊಳಗಿನ ಬಟಾಣಿಯಂತೆ ತೆಪ್ಪಗೆ.
ಆಯ್ತು, ಎಂದು ಕೂಗಿದೆ.

ಅವನು ಮೆಟ್ಟಿಲು ಹತ್ತಿ ಬಂದ, ಸಿಂಕಿನಂಚು ಹಿಡಿದ,
ಕಣ್ಣು ಮುಚ್ಚಿದ.
'ಬೆರಿಲ್, ಬಲಕ್ಕೆ ವಾಲಿದೆ.'
ವಾಲಿಲ್ಲ ವಿಲ್ಫ್.
'ವಾಲಿದೆ.'

ಪಕ್ಕದ ಡೇರೆಯವರು ಕುರ್ಚಿ ತಿರುಗಿಸಿ ಕೂತು
ಟೀ ಹೀರುತ್ತಾ ನೋಡುತ್ತಿದ್ದರು. ತಪ್ಪೇನಿಲ್ಲ.
ಇನ್ನೊಬ್ಬರು ಮಟ್ಟ ಹುಡುಕುವುದನ್ನು ನೋಡುವ ಸುಖ
ನಾವೂ ಎಷ್ಟು ಸಂಜೆ ಪುಕ್ಕಟೆ ಉಂಡಿದ್ದೇವೆ.

ಇಳಿದೆ. ಮತ್ತೆ ಕೊಂಡಿ ಹಾಕಿದೆ.
ಏರಿಸಿದ್ದ ಎಡಗಾಲಿಯನ್ನು ಎರಡು ಬೆರಳು ಇಳಿಸಿದೆ.
ಮತ್ತೆ ಬಿಚ್ಚಿ, ಮೂಲೆಯ ನಾಲ್ಕು ಊರೆಗಾಲುಗಳನ್ನು
ಮರದ ಹಲಗೆಗೆ ತಾಗುವಷ್ಟೇ ಬಿಟ್ಟೆ.
'ಅವು ಇರೋದು ಅಲುಗದ ಹಾಗೆ ಹಿಡಿಯೋಕೆ, ಎತ್ತೋಕಲ್ಲ',
ಇದೂ ಅವನದೇ ಪಾಠ.

ಗುಳ್ಳೆ ಬಲಕ್ಕೆ ಸರಿದು
ಅರ್ಧ ಗೆರೆಯ ಒಳಗೆ, ಅರ್ಧ ಆಚೆ.
ಅವನು ಮತ್ತೆ ಕಣ್ಣು ಮುಚ್ಚಿ ನಿಂತ.
ಸಿಂಕಿನಿಂದ ಒಂದು ಕೈ ತೆಗೆದ. ಇನ್ನೊಂದನ್ನೂ.
'ಈಗ,' ಎಂದ, 'ಈಗ ಸರಿಯಾಯ್ತು. ಗುಳ್ಳೆ ಎಲ್ಲಿದೆ?'

ನಟ್ಟನಡುವೆ, ಎಂದೆ.
ರಸಮಟ್ಟವನ್ನು ಟವೆಲ್ಲುಗಳ ಕೆಳಗೆ ಸೇರಿಸಿದೆ.

ರಾತ್ರಿ ಬೀರುವಿನ ಬಾಗಿಲು ತಾನಾಗಿ ತೆರೆಯಿತು.
ಎಡಬದಿಯಲ್ಲಿ ನಾನು. ನಿದ್ದೆಯಲ್ಲಿ ಅವನು
ಕೆಟ್ಟ ಮೇಜಿನ ಚೆಂಡಿನ ಹಾಗೆ
ಉರುಳಿ ಉರುಳಿ ನನ್ನ ಬಳಿಗೇ ಬಂದ.
ಎಷ್ಟು ವರ್ಷವಾಗಿತ್ತು.

ಬೆಳಿಗ್ಗೆ ಬಾಣಲೆಗೆ ಒಡೆದು ಬಿಟ್ಟ ಮೊಟ್ಟೆ
ಎಡಕ್ಕೆ ಹರಿದು ಅಂಚಿನಲ್ಲಿ ಗಟ್ಟಿಯಾಯಿತು.
ವಿಲ್ಫ್ ನೋಡಿದ.
ಏನೂ ಅನ್ನಲಿಲ್ಲ.
ಇಸ್ಪೀಟು ಕಟ್ಟಿನಿಂದ ಕಳಾವರ್ ಏಳನ್ನು ತೆಗೆದು
ಎರಡು ಸಲ ಮಡಚಿ, ಉಗುರಿನಿಂದ ತೀಡಿ
ನನ್ನ ಟೀ ಲೋಟದ ಕೆಳಗಿಟ್ಟ.