ನಾಕು ನೆಳ್ಳು

ನಾಳಿ ರಾತ್ರಿ ಏಳಕ್ಕ ಸೆಮಿಫೈನಲ್.
ಹಗಲೊತ್ತು ನಲವತ್ತನಾಕು ಡಿಗ್ರಿ ಬಿಸಲು ಅಂತ
ಕಮಿಟಿಯವರು ಮದಿವಿ ಲೈಟಿನವಗ ಹೇಳಿ
ಮೈದಾನದ ನಾಕೂ ಮೂಲಿಗೆ ಕಂಬ ನಿಲ್ಲಿಸ್ಯಾರ.
ಜನರೇಟರ್ ಅವನದು. ಡೀಸೆಲ್ ನಮ್ಮದು.

ಶಹಾಬಾದದಾಗ ಇವತ್ತು ಬ್ಯಾರೆ ಮಾತೇ ಇಲ್ಲ.
ಸ್ಟೇಷನ್ ಎದುರಿನ ಹೋಟೆಲಿನ್ಯಾಗ
ಸಾಸರಿಗೆ ಚಹಾ ಸುರುವಿ ಊದಕೋತ
ನೌಬಾದ್ ಟೀಮಿನ ಒಂಬತ್ತನೇ ನಂಬರಿನವನ ಎಡಗಾಲಿನ ಸುದ್ದಿ:
ಮೂರು ಮ್ಯಾಚಿಗೆ ಆರು ಗೋಲು,
ಬಡ್ಡಿ ವಸೂಲಿಗೆ ಬಂದವರಂಗ
ಬಾಲು ಅವನ ಬೆನ್ನು ಬಿಡಂಗಿಲ್ಲಂತ.
‘ಹಂಗಾದ್ರ ಅವನ್ನ ಹಿಡಿಯೋರು ಯಾರು?’
ಎಲ್ಲಾರೂ ನನ್ನ ಕಡಿ ಹೊಳ್ಳಿ ನೋಡಿದ್ರು.
ನಾ ಸಾಸರ್ ಕೆಳಗಿಟ್ಟೆ.

ನಾನು ದೇವಿಂದ್ರ, ಫರಸಿ ಬಾಯ್ಸ್ ಟೀಮಿನ ಸ್ಟಾಪರ್,
ಹನ್ನೊಂದು ವರ್ಷ ಪಾಲಿಶ್ ಮಷೀನಿಗೆ
ಎಡಗಿವಿ ಕೊಟ್ಟು ನಿಂತವ.
ಆ ಕಿವಿ ಈಗ ಮಷೀನಿಂದೇ ಆಗ್ಯಾದ.
ಕಲ್ಲು ಕನ್ನಡಿ ಆಗೂತನಕ ತಿಕ್ಕಬೇಕು.
ಕಲ್ಲಿನ್ಯಾಗ ನನ್ನ ಮಾರಿ ಚಂದ ಕಾಣತದ,
ಎಡಕ್ಕ ನಿಂತವರ ಮಾತು ಕೇಳಂಗಿಲ್ಲ.
ಇದು ಯಾರಿಗೂ ಗೊತ್ತಿಲ್ಲ,
ಗೋಲ್‌ಕೀಪರ್ ಜಹೂರನ್ನ ಬಿಟ್ಟು.

ಅವ ಹಿಂದಿಂದ ಒದರತಾನ: ‘ಛೋಡ್ ದೇವ್ಯಾ! ಛೋಡ್!’
ಉಳಿದವರಿಗೆ ಕೇಳತದ.
ನಾನು ಅವನ ನೆಳ್ಳು ನೋಡತೀನಿ.
ಸಂಜಿ ಐದಕ್ಕ ಪಡುವಣ ಗೋಲಿನ್ಯಾಗ ಅವ ನಿಂತ್ರ
ನೆಳ್ಳು ಉದ್ದಾಗಿ ನನ್ನ ದಾಟಿ ಮುಂದ ಬಿದ್ದಿರತದ.
ನೆಳ್ಳು ಕೈ ಎತ್ತಿದ್ರ ಬಿಡು ಅಂತ.
ಎತ್ತಲಿಲ್ಲಂದ್ರ ಹೊಡಿ ಅಂತ.
ಟಾಸ್ ಗೆದ್ರ ನಮ್ಮ ಕ್ಯಾಪ್ಟನ್ ಮೊಗಲಪ್ಪ
ಯಾವತ್ತೂ ಪಡುವಣ ಗೋಲೇ ಕೇಳತಾನ.
ಅಲ್ಲಿ ನಸೀಬು ಅದ ಅಂತ ಜಹೂರ ಅವನಿಗೆ ಹೇಳ್ಯಾನ.
ಎರಡನೇ ಹಾಫಿನ್ಯಾಗ ಬರೇ ಅಂದಾಜು.
ಅಂದಾಜು ಎಂದೂ ಕೈ ಕೊಟ್ಟಿಲ್ಲ.
ಒಮ್ಮೆ ಕೊಟ್ಟದ. ಅದು ಬ್ಯಾಡ.

ಇವತ್ತು ಲೈಟು ಹಚ್ಚಿ ನೋಡಿದ್ರು.
ಮೊದಲು ಹುಳ ಬಂದವು, ಆಮ್ಯಾಲ ಹುಡುಗುರು.
ನಾ ಪೆನಾಲ್ಟಿ ಚುಕ್ಕಿ ಮ್ಯಾಲ ಹೋಗಿ ನಿಂತೆ.
ಕಾಲ ಬುಡದಿಂದ ನಾಕು ನೆಳ್ಳು ಹೊಂಟಿದ್ವು,
ನಾಕೂ ತೆಳ್ಳಗ,
ಒಂದು ಲೋಟ ಹಾಲು ನಾಕು ಮಂದಿಗೆ ಹಂಚಿದಂಗ.
ಒಂದೂ ನನ್ನದು ಅನಸಲಿಲ್ಲ.
ಜಹೂರ ಗೋಲಿನ್ಯಾಗ ನಿಂತು ಕೈ ಎತ್ತಿದ:
ಎರಡು ನೆಳ್ಳು ಹಿಂದ ಜಾಳಿಗಿಯೊಳಗ ಹೋದವು,
ಎರಡು ಗೆರಿ ಹಿಡದು ಕಾರ್ನರ್ ಕಡಿ ಓಡಿದವು.
ನನ್ನ ಮುಂದ ಸುಣ್ಣ ಅದ, ಬೆಳಕು ಅದ,
ಮತ್ತೇನಿಲ್ಲ.

ಮನ್ಯಾಗ ಜಗದೇವಿ ರೊಟ್ಟಿ ಬಡಿಲಿಕ್ಕತ್ತಿದ್ಲು.
ಗ್ವಾಡಿಗೆ ಆತು ಕುಂತೆ.
ಎದ್ದು ಬಂದು ಬಲಕ್ಕ ಕುಂತು
‘ಯಾಕ, ಏನಾತು’ ಅಂದ್ಲು.
ಯಾವತ್ತೂ ಬಲಕ್ಕೇ ಕುಂದರತಾಳ.
ಹಂಗಂದ್ರ ಆಕಿಗೂ ಗೊತ್ತದ.
ಎಷ್ಟು ವರ್ಷದಿಂದ ಅಂತ ನಾ ಕೇಳಲಿಲ್ಲ,
ಆಕಿ ಹೋಗಿ ಮತ್ತ ರೊಟ್ಟಿಗೆ ಕೈ ಹಚ್ಚಿದ್ಲು.

ಆವಾಗ ತಿಳೀತು:
ಆಕಿ ಬಡಿಯೋದು ನೆಲದ ಫರಸಿಯಿಂದ
ನನ್ನ ಅಂಗಾಲಿಗೆ ಬರಲಿಕ್ಕತ್ತದ,
ತಟ್ಟ, ತಟ್ಟ, ಕಿವಿ ಕೇಳದಂಗ.

ನಮ್ಮೂರ ಮೈದಾನ ಅಂದ್ರೇನು,
ಮ್ಯಾಲ ಒಂದು ಗೇಣು ಮಣ್ಣು,
ಕೆಳಗ ಪಾತಾಳತನಕ ಇದೇ ಕಲ್ಲು.

ಹತ್ತೂವರಿಗೆ ಜಹೂರನ್ನ ಎಬ್ಬಿಸಿ ಕರಕೊಂಡು ಹೋದೆ.
ಲೈಟು ಬಂದ್ ಆಗಿದ್ವು. ಬರಿಗಾಲಿಲೆ ನಿಂತು
ಕಣ್ಣು ಮುಚ್ಚಿ ‘ಹೊಡಿ’ ಅಂದೆ.
ಅವ ಗೋಲ್ ಗೆರಿ ಮ್ಯಾಲ ಹಿಮ್ಮಡಿ ಕುಟ್ಟಿದ.
ಒಂದು ಸಲ ಬಂತು. ಮತ್ತೊಂದು ಸಲ ಬಂತು.
ಮೂರನೇದು ವಾಡಿ ಕಡಿ ಹೊಂಟ ಗೂಡ್ಸ್ ಗಾಡಿಯದೋ
ಜಹೂರನದೋ ತಿಳೀಲಿಲ್ಲ.

ನಾಳಿ ಕಾಲಾಗ ಬೂಟು ಇರತಾವ.
ಜನರೇಟರ್ ಇರತದ.
ಎರಡು ಸಾವಿರ ಮಂದಿ ಒಮ್ಮೆಗೇ ಎದ್ದು ಕುಣೀತಾರ.
‘ಆಗತದೇನು?’ ಅಂತ ಕೇಳಿದೆ.
ಜಹೂರ ಏನೋ ಅಂದ,
ಕತ್ತಲಾಗ, ನನ್ನ ಎಡಕ್ಕ ನಿಂತು.
ನಾ ಹೂಂ ಅಂದೆ.