ಹಾಲುಹಲ್ಲು

ಮೂವತ್ತೊಂದು ವರ್ಷ ಅಪ್ಪ ಬ್ಯಾರೋ ಹಡಗುಕಟ್ಟೆಯಲ್ಲಿ
ಸಬ್‌ಮರೀನುಗಳ ಪಕ್ಕೆಲುಬು ಬೆಸೆದ.
ಬೆಸೆದದ್ದು ಮುಳುಗಬೇಕು, ಸದ್ದು ಮಾಡಬಾರದು,
ಎಲ್ಲಿಗೆ ಹೋಯಿತೆಂದು ಕೇಳಬಾರದು.
ಹಾಗಾಗಿಯೇ ಇರಬೇಕು, ಐವತ್ತೆರಡಕ್ಕೆ
ಸದ್ದು ಮಾಡುವಂಥ ಏನಾದರೊಂದು ಬೇಕೆನಿಸಿತು.

ಲಾರಿಯಲ್ಲಿ ಬಂತು:
ಕೆಂಪು ಬಳಿದ ಕೊಳವೆಗಳ ಅಸ್ಥಿಪಂಜರ,
ಹನ್ನೊಂದು ರಟ್ಟಿನ ಪೆಟ್ಟಿಗೆ, ಫೈಬರ್‌ಗ್ಲಾಸಿನ ಮೂತಿ,
ಜೆರಾಕ್ಸ್ ಆಗಿ ಆಗಿ ಮಸುಕಾದ ಕೈಪಿಡಿ,
ಅದರಲ್ಲಿ ನಲವತ್ತನೇ ಪುಟದ ಮುಂದಿನದು ನಲವತ್ತಮೂರು.
ಅಮ್ಮ ಬಟ್ಟೆ ಒಗೆಯುವ ಯಂತ್ರವನ್ನು ಅಡುಗೆಮನೆಗೆ ಎಳೆಸಿಕೊಂಡು
ನಡುವಿನ ಬಾಗಿಲು ಹಾಕಿದಳು.

ಎಂಜಿನ್ನು, ಗೇರ್‌ಪೆಟ್ಟಿಗೆ, ಹಿಂದಿನ ಅಚ್ಚು
ಇನ್ನೊಂದು ಕಾರು ಸತ್ತು ಕೊಡಬೇಕು.
ಅಲ್ವರ್‌ಸ್ಟನ್ನಿನ ಮಿಸೆಸ್ ಥ್ವೇಟ್ಸ್ ಮಾರಿದಳು,
ತುಕ್ಕು ತಿಂದ ನೀಲಿ ಸಲೂನು, ಮುನ್ನೂರೈವತ್ತು ಪೌಂಡು.
ಬಿಚ್ಚುತ್ತ ಹೋದರೆ ಡ್ಯಾಶ್‌ಬೋರ್ಡಿನ ಗೂಡಿನೊಳಗೆ
ಒಂದು ಬೆಂಕಿಪೊಟ್ಟಣ; ಒಳಗೆ ಹತ್ತಿ; ಹತ್ತಿಯ ಮೇಲೆ
ಯಾವುದೋ ಮಗುವಿನ ಹಾಲುಹಲ್ಲು.
ಅಪ್ಪ ಅದನ್ನು ಬೆಳಕಿಗೆ ಹಿಡಿದು
‘ಇದು ಯಾವ ಗೇರಿನದೇ, ಹೇಜಲ್?’ ಅಂದ.
ನಕ್ಕೆವು. ಆಮೇಲೆ ನಗಲಿಲ್ಲ.
ಪತ್ರ ಬರೆದ. ಉತ್ತರ ಬರಲಿಲ್ಲ.
ಪೊಟ್ಟಣ ವಾಶರುಗಳ ಡಬ್ಬಿಯ ಪಕ್ಕ ಕೂತಿತು.

ನನ್ನ ಕೆಲಸ ಟಾರ್ಚು.
ಟಾರ್ಚು ಹಿಡಿಯುವುದೆಂದರೆ, ಹಿಡಿದವರಿಗೆ ಗೊತ್ತು,
ಅವನು ಎಲ್ಲಿ ನೋಡಲಿದ್ದಾನೋ ಅಲ್ಲಿ ಬೆಳಕಿರಬೇಕು,
ಅವನಿಗೇ ಅದು ತಿಳಿಯುವ ಮುನ್ನ.
ಹದಿಮೂರಕ್ಕೆ ಹಿಡಿದೆ, ಹದಿನೇಳಾಯಿತು.
ಶಟರಿನಡಿಯಿಂದ ವಾಲ್ನಿಯ ಗಾಳಿ ನುಗ್ಗಿ
ಕಣಕಾಲು ಕೊರೆಯುತ್ತಿತ್ತು.
ನಡುವೆ ನನಗೊಬ್ಬ ಗೆಳೆಯ ಬಂದ, ಹೋದ.
ಹೋದನೆಂದು ಅಪ್ಪನಿಗೆ ಹೇಳಿದ್ದು ಕಾರಿನಡಿ ಮಲಗಿ,
ಇಬ್ಬರ ಹಣೆಗೂ ಎಣ್ಣೆ ತೊಟ್ಟಿಕ್ಕುವಾಗ.
ಅವನು ಹದಿಮೂರರ ಸ್ಪ್ಯಾನರು ಕೇಳಿದ.
ಕೊಟ್ಟೆ.
ಅದಕ್ಕಿಂತ ದೊಡ್ಡ ಸಮಾಧಾನ
ಆಮೇಲೂ ಯಾರೂ ಹೇಳಿಲ್ಲ.

ಪರೀಕ್ಷೆಯ ದಿನ ತಪಾಸಣೆಯವನು
ಗೋಲವೊಂದನ್ನು ಕಾರಿನ ಮೈಮೇಲೆಲ್ಲ ಉರುಳಿಸಿ
ಚೂಪು ಅಂಚು ಹುಡುಕಿದ,
ಕೂಸಿನ ಮೈಯಲ್ಲಿ ಗುಳ್ಳೆ ಹುಡುಕುವ ಅಜ್ಜಿಯಂತೆ.
ಕನ್ನಡಿಯ ತಿರುಪಿನ ಹತ್ತಿರ ಸಿಕ್ಕಿತು. ಫೇಲು.
ಕಡಲಿನ ತಳದ ಒತ್ತಡಕ್ಕೂ ಬಿರಿಯದಂತೆ ಬೆಸೆಯುವವ
ಒಂದೂವರೆ ಮಿಲಿಮೀಟರಿಗೆ ಸೋತ.
ಟ್ರೇಲರಿನಲ್ಲಿ ಹೇರಿಕೊಂಡು ಬರುವಾಗ ಅರವತ್ತು ಮೈಲಿ
ತುಟಿಪಿಟಕ್ಕೆನ್ನಲಿಲ್ಲ.
ಮನೆ ಮುಟ್ಟಿದ ಮೇಲೆ ಅಂದ: ‘ಅವನು ಹೇಳಿದ್ದು ಸರಿ.’

ಆ ಫೆಬ್ರವರಿಯಲ್ಲಿ ಬಂದಳು ಮಿಸೆಸ್ ಥ್ವೇಟ್ಸ್,
ಉಣ್ಣೆಯ ಕೋಟು, ಕೈಯಲ್ಲಿ ಅಪ್ಪನ ಪತ್ರ.
ನಾಲ್ಕು ವರ್ಷ ಒಡೆಯದೆ ಡ್ರಾಯರಿನಲ್ಲಿತ್ತಂತೆ,
ಕರೆಂಟಿನ ಬಿಲ್ಲೆಂದುಕೊಂಡಿದ್ದಳಂತೆ.
ಪೊಟ್ಟಣ ತೆರೆದಳು, ನೋಡಿದಳು, ಪರ್ಸಿಗೆ ಹಾಕಿದಳು.
ಯಾರದೆಂದು ನಾವು ಕೇಳಲಿಲ್ಲ.
ಎಲ್ಲಿಗೆ ಹೋಯಿತೆಂದು ಕೇಳದಿರುವುದು
ನಮ್ಮ ಮನೆಗೆ ಅಂಟಿದ ರೂಢಿ.

ಅಪ್ಪನಿಗೆ ಏನು ಮಾಡಬೇಕೋ ತೋಚದೆ
ಎಂಜಿನ್ ಚಾಲೂ ಮಾಡಿದ.
ಅದು ಕೆಮ್ಮಿತು. ಕೆಮ್ಮಿತು. ಮೂರನೆಯದಕ್ಕೆ ಹತ್ತಿಕೊಂಡಿತು.
‘ಅಯ್ಯೋ ಅದೇ,’ ಅಂದಳು ಆಕೆ, ‘ಚಳಿಗೆ ಮೂರು ಸಲ.
ಶಾಲೆಗೆ ಹೊತ್ತಾಯಿತೆಂದು ನಾನು ಇದನ್ನೇ ಬಯ್ಯುತ್ತಿದ್ದೆ,
ಅವನು ಹಿಂದಿನ ಸೀಟಿನಲ್ಲಿ ಎಣಿಸುತ್ತಿದ್ದ.’

ಈ ಕಾರಿಗೆ ಹಿಂದಿನ ಸೀಟಿಲ್ಲ. ಬಾಗಿಲೂ ಇಲ್ಲ.
ಎಪ್ಪತ್ತರ ಮುದುಕಿಯನ್ನು ನಾನೂ ಅಮ್ಮನೂ ಕಂಕುಳಿಗೆ ಕೈಕೊಟ್ಟು
ಪಾತ್ರೆಯೊಳಗೆ ಪಾತ್ರೆ ಇಡುವಂತೆ ಇಳಿಸಿದೆವು.
ರಸ್ತೆಗೆ ಪರವಾನಗಿಯಿಲ್ಲ,
ನಮ್ಮ ಗೇಟಿನವರೆಗೆ ಹನ್ನೆರಡು ಮೀಟರು.
ಮುಂದೆ ಹನ್ನೆರಡು, ಹಿಂದೆ ಹನ್ನೆರಡು,
ಮತ್ತೆ ಮುಂದೆ.
ಗೇರು ಬೀಳುವಾಗೆಲ್ಲ ಹಲ್ಲಿಗೆ ಹಲ್ಲು ಕೂತ ಸದ್ದು.
ಪಕ್ಕದ ಮನೆಯ ನಾಯಿ ಬೊಗಳಿ ಬೊಗಳಿ ಸುಸ್ತಾಯಿತು.

ಮಾರ್ಚಿನಲ್ಲಿ ಪಾಸಾಯಿತು, ನಂಬರು ಬಂತು.
ಆ ಕೆಮ್ಮು ಕಾರ್ಬುರೇಟರಿನದು,
ಅರ್ಧ ಗಂಟೆಯ ಕೆಲಸ, ಅಪ್ಪನಿಗೆ ಗೊತ್ತು.
ಚಳಿಯ ಬೆಳಿಗ್ಗೆ ಕೀಲಿ ತಿರುಗಿಸಿ
ಇಬ್ಬರೂ ಸುಮ್ಮನೆ ಎಣಿಸುತ್ತೇವೆ.