ರಾಚಪ್ಪ ಔಟ್

ಸ್ಕೋರು ಬರೆದವನು ನಾನೇ.
ಮಳವಳ್ಳಿ ಕಡೆಯ ಸರ್ಕಾರಿ ಹೈಸ್ಕೂಲು,
ಹಿಂದೆ ನಾಲೆ, ಮುಂದೆ ಕಬ್ಬಿನ ಟ್ರಾಕ್ಟರುಗಳ ರಸ್ತೆ,
ನಡುವೆ ಸುಣ್ಣದ ಗೆರೆ ಎಳೆದ ಕೆಮ್ಮಣ್ಣಿನ ಅಂಕಣ.
ಪಿ.ಟಿ. ಮೇಷ್ಟ್ರು ನಾನು: ಕೊರಳಲ್ಲಿ ಪೀಪಿ,
ಕಂಕುಳಲ್ಲಿ ಉದ್ದನೆಯ ಪುಸ್ತಕ.

ರಾಚಪ್ಪ ರೈಡಿಗೆ ಹೋದರೆ
ಕಬಡ್ಡಿ ಕಬಡ್ಡಿ ಎನ್ನುವ ಉಸಿರು ಗೆರೆ ದಾಟುವ ಮೊದಲೇ
ಎದುರಿನ ಏಳೂ ಜನ ಎಗರಿ ಅಂಕಣದಾಚೆ.
ತಾವಾಗಿಯೇ ಔಟು.
ಏಳಕ್ಕೆ ಏಳು, ಮೇಲೆ ಲೋನಾದ ಎರಡು.
ಯಾರನ್ನೂ ಮುಟ್ಟದೆ, ಯಾರಿಂದಲೂ ಮುಟ್ಟಿಸಿಕೊಳ್ಳದೆ
ಒಂದೇ ಉಸಿರಿಗೆ ಒಂಬತ್ತು ಪಾಯಿಂಟು ತಂದು
ತಲೆ ತಗ್ಗಿಸಿ ನಿಲ್ಲುತ್ತಿದ್ದ,
ಕದ್ದು ತಂದವನ ಹಾಗೆ.
ನಾನು ಪೀಪಿ ಊದುತ್ತಿದ್ದೆ. ಬರೆಯುತ್ತಿದ್ದೆ.

ಅವರಪ್ಪ ತೀರಿಕೊಂಡದ್ದು ಯಾವುದರಿಂದ ಎಂದು
ಊರು ದನಿ ತಗ್ಗಿಸಿ ಹೇಳುತ್ತಿತ್ತು,
ಹೆಸರು ಹೇಳುತ್ತಿರಲಿಲ್ಲ, 'ಅದು' ಅನ್ನುತ್ತಿತ್ತು.
ತಿಂಗಳಿಗೊಮ್ಮೆ ತಾಯಿ ಮಗ ಮಂಡ್ಯದ ಬಸ್ಸು ಹತ್ತುವುದನ್ನು
ಹಾಲಿನ ಡೈರಿಯ ಜಗಲಿ ಎಣಿಸುತ್ತಿತ್ತು.
ಬಿಸಿಯೂಟದಲ್ಲಿ ಅವನ ತಟ್ಟೆಗೆ
ಸಾರು ಒಂದು ಗೇಣು ಮೇಲಿನಿಂದ ಬೀಳುತ್ತಿತ್ತು.
ಹುಡುಗನಿಗೆ ಇದೆಯೋ ಇಲ್ಲವೋ?
ಇವತ್ತಿಗೂ ನನಗೆ ಗೊತ್ತಿಲ್ಲ.
ಗೊತ್ತಾಗಬೇಕಾದ್ದೂ ಇಲ್ಲ ಎಂದು ಕಲಿತದ್ದು ತಡವಾಗಿ.
ಆಗ ನಾನು ತಾಲೂಕು ತಂಡದ ಪಟ್ಟಿಯಲ್ಲಿ
ಅವನ ಹೆಸರಿನ ಮುಂದೆ 'ದಮ್ಮು ಸಾಲದು' ಎಂದು ಷರಾ ಬರೆದೆ.
ದುಂಡಾದ ಅಕ್ಷರದಲ್ಲಿ.

ಜವರಾಯಿ ಬಂದದ್ದು ಆ ಶ್ರಾವಣ,
ಪಾಂಡವಪುರದಿಂದ ಅಜ್ಜಿಮನೆಗೆ.
ಒಳ್ಳೆಯ ಹುಡುಗನೇನಲ್ಲ.
ಹೋಂವರ್ಕು ಕಳ್ಳ, ಬಾಯಿಬಡುಕ,
ಗೋಲಿಯಲ್ಲಿ ಸೋತರೂ ರಾತ್ರಿ ಮುದ್ದೆ ಬಿಡುವವನು.
ಮೊದಲ ಶುಕ್ರವಾರ ಆರು ಜನ ಎಗರಿದರು,
ಅವನು ನಿಂತ.
'ಈಚೆ ಬಾರ್ಲಾ!'
'ಯಾಕ್ಲಾ?'
'ಅವರಪ್ಪಂಗೆ ಅದಿತ್ತಂತೆ ಕನ್ಲಾ, ಮುಟ್ಬ್ಯಾಡ!'
'ಮುಟ್ದೆ ಹೆಂಗ್ಲಾ ಹಿಡಿಯೋದು?'

ಅಷ್ಟೇ. ಕೇಳಿದ್ದು ಆಟದ ನಿಯಮ.
ಹಾರಿ ಕಣಕಾಲು ಹಿಡಿದ.
ಇಬ್ಬರೂ ಮಣ್ಣಿಗೆ.
ಗೆರೆ ಒಂದು ಮೊಳ ದೂರವಿತ್ತು,
ರಾಚಪ್ಪ ಕೈ ಚಾಚಲಿಲ್ಲ.
ಹಿಡಿದ ಕೈಯನ್ನೇ ನೋಡುತ್ತ ಬಿದ್ದಿದ್ದ
ಕಬಡ್ಡಿ ಮುಗಿದು ಬರೀ ಉಸಿರಾಗುವವರೆಗೆ.

ಇವನ ಮಂಡಿ ತರಚಿತ್ತು, ಅವನ ಮೊಣಕೈ.
ಮೈದಾನ ಹಿಂದಕ್ಕೆ ಸರಿಯಿತು.
ಪ್ರಥಮ ಚಿಕಿತ್ಸೆಯ ಡಬ್ಬಿ ತೆಗೆದೆ,
ಬಂದಾಗಿನಿಂದ ಒಮ್ಮೆಯೂ ಬಿಚ್ಚದ
ಕೈಗವಸಿನ ಪೊಟ್ಟಣ ಹರಿದೆ.
ರಾಚಪ್ಪನ ಮಂಡಿ ಒರೆಸಿ, ಪಟ್ಟಿ ಕಟ್ಟಿ,
ಗವಸು ಕಳಚಿ,
ಬರಿಗೈಯಲ್ಲಿ ಜವರಾಯಿಯ ಮೊಣಕೈಗೆ ಕೈಹಾಕಿದೆ.
ಎಳೆದುಕೊಂಡ.
'ಸಾ, ನಂಗೂ ಹಾಕ್ಕಂಡೇ ಕಟ್ಟಿ.
ನನ್ ರಕ್ತ ಏನ್ ಪನ್ನೀರಾ?'

ಬೇರೆ ಜೋಡಿ ಹಾಕಿಕೊಂಡೆ.
ಬೆರಳು ಬೆವೆತಿದ್ದವು, ಒಳಗೆ ಹೋಗಲಿಲ್ಲ.
ಹುಡುಗರು ಕಾದರು.
ಆಮೇಲೆ ಪುಸ್ತಕದಲ್ಲಿ ಬರೆದೆ: ರಾಚಪ್ಪ ಔಟ್.
ಅಕ್ಷರ ಸೊಟ್ಟಗೆ ಬಂತು.

ಸುದ್ದಿ ಹುಡುಗನಿಗಿಂತ ಮೊದಲು ಅಜ್ಜಿಮನೆ ಸೇರಿತು.
ಬೇವು, ಅರಿಶಿನ, ಹಂಡೆ ತುಂಬ ಬಿಸಿನೀರು,
ನೆತ್ತಿಯಿಂದ ಹಿಮ್ಮಡಿವರೆಗೆ ತಿಕ್ಕಿದಳಂತೆ,
ಎರಡು ಸಲ.
ಶನಿವಾರ ಬೆಳಿಗ್ಗೆ ಬಿಳಿ ಸಮವಸ್ತ್ರ,
ಹಳದಿ ಕತ್ತು, ಹಳದಿ ಅಂಗೈ,
ಮದುಮಗನ ಹಾಗೆ ಬಂದ ಜವರಾಯಿ.
ರಾಚಪ್ಪ ರೈಡಿಗೆ ಬಂದ.
ಉಳಿದ ಆರು ಜನ ಗೆರೆಯ ಮೇಲೊಂದು ಕಾಲಿಟ್ಟು
ನನ್ನ ಮುಖ ನೋಡಿದರು.
ನಾನು ನನ್ನ ಕೈ ನೋಡಿಕೊಂಡೆ.
ಮೊದಲು ಜವರಾಯಿ, ಆಮೇಲೆ ಶಿವನಂಜ,
ಆಮೇಲೆ ಯಾರೆಂದು ತಿಳಿಯದ ಕಾಲುಗಳ ಗೊಂಚಲು, ಧೂಳು,
ಅಡಿಯಿಂದ ರಾಚಪ್ಪನ ಕೂಗು:
'ಉಸ್ರು ಕಟ್ತದೆ ಬುಡ್ರುಲಾ!'
ಇಬ್ಬರು ಆಚೆಯೇ ಉಳಿದರು.
ಅವರನ್ನು ಬೈಯಲಿಲ್ಲ;
ಎರಡು ವರ್ಷ ನಾನೂ ಅಲ್ಲೇ ನಿಂತಿದ್ದೆ.

ಎದ್ದಾಗ ಅವನ ಬಿಳಿ ತೋಳಿನ ಮೇಲೆ
ಐದು ಬೆರಳು, ಅರಿಶಿನದ್ದು.
ಕೊಡವಿದ. ಹೋಗಲಿಲ್ಲ.
ತೊಳೆಯಲೆಂದು ನಲ್ಲಿಯ ಹತ್ತಿರ ಹೋದವನು
ನೀರು ಬಿಟ್ಟ, ನೋಡಿದ, ನಿಲ್ಲಿಸಿದ,
ಹಾಗೇ ಕ್ಲಾಸಿಗೆ ಹೋದ.